ಸಹಿಗೆ ಮುಂಚೆ, ಗಡುವಿಗೆ ಮುಂಚೆ: ವಕೀಲರ ಹತ್ತಿರ ಯಾವಾಗ ಹೋಗಬೇಕು?

"ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ." ಕೋಲಾರ ಜಿಲ್ಲೆಯ ಯಾವ ಊರಿನ ಅರಳಿಕಟ್ಟೆಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಸುಮ್ನೆ ಹುಟ್ಟಿದ ಮಾತಲ್ಲ ಅದು. ಅಜ್ಜ ಹಾಕಿದ ದಾವೆಗೆ ಮೊಮ್ಮಗ ವಾಯಿದೆಗೆ ಓಡಾಡುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಆದರೆ ಈ ಭಯದಿಂದ ಇನ್ನೊಂದು ನಷ್ಟ ಆಗುತ್ತಿದೆ. ಕೋರ್ಟಿನ ಸಹವಾಸ ಬೇಡ ಅಂತ ಜನ ವಕೀಲರಿಂದಲೂ ದೂರ ಇರುತ್ತಾರೆ. ಕೈಮೀರಿದ ಮೇಲೆ ಕಾಗದಪತ್ರದ ಕಟ್ಟು ಹಿಡಿದುಕೊಂಡು ಓಡುತ್ತಾರೆ. ಆಗ ಎಷ್ಟು ಒಳ್ಳೆ ವಕೀಲರಿಗೂ ಮಾಡೋಕೆ ಜಾಸ್ತಿ ಏನೂ ಉಳಿದಿರುವುದಿಲ್ಲ.

ವಕೀಲರನ್ನು ಕೇಳುವುದು ಬೇರೆ, ಕೇಸು ಹಾಕುವುದು ಬೇರೆ. ನಮ್ಮ ಕಡೆಯ ಜನ ಕಳೆದುಕೊಳ್ಳುವ ಆಸ್ತಿ, ಹಣ ಎಲ್ಲ ಹೆಚ್ಚಾಗಿ ಎರಡು ಘಳಿಗೆಗಳಲ್ಲಿ ಹೋಗುತ್ತವೆ. ಒಂದು, ಓದದೆ ಸಹಿ ಹಾಕಿದಾಗ. ಇನ್ನೊಂದು, "ನೋಡೋಣ, ನೋಡೋಣ" ಅನ್ನುತ್ತಾ ಕಾನೂನಿನ ಗಡುವು ದಾಟಿಸಿದಾಗ. ಈ ಎರಡು ಸಂದರ್ಭಗಳನ್ನು ಗುರುತಿಸುವುದು ಗೊತ್ತಾದರೆ ಅರ್ಧ ಅಪಾಯ ತಪ್ಪಿದ ಹಾಗೆ.

"ಅಕ್ಕಾ, ಒಂದು ಸಹಿ ಅಷ್ಟೇ"

ಮೊದಲು ಹೆಣ್ಣುಮಕ್ಕಳ ವಿಷಯ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಆಗುವ ಅನ್ಯಾಯ ಸದ್ದಿಲ್ಲದೆ ಆಗುತ್ತದೆ.

ಅಪ್ಪ ತೀರಿಕೊಂಡು ವರ್ಷ ತುಂಬಿರುತ್ತದೆ. ತಮ್ಮ ಫೋನ್ ಮಾಡುತ್ತಾನೆ. "ಅಕ್ಕಾ, ಜಮೀನು ನಮ್ಮ ಹೆಸರಿಗೆ ಮಾಡಿಸ್ಕೋಬೇಕು, ಬಂದು ಒಂದು ಸಹಿ ಹಾಕಿ ಹೋಗು." ಅಕ್ಕ ಮಾಲೂರಿನಿಂದಲೋ ಹೊಸಕೋಟೆಯಿಂದಲೋ ಬಸ್ಸಿಗೆ ಬರುತ್ತಾಳೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಪತ್ರ ಬರಹಗಾರರು ಎಲ್ಲ ಸಿದ್ಧ ಮಾಡಿಟ್ಟಿರುತ್ತಾರೆ. ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸುತ್ತಾರೆ. ಆಮೇಲೆ ಸೀರೆ, ಅರಿಶಿನ ಕುಂಕುಮ, ಊಟ. ಆ ಕಾಗದದೊಳಗೆ ಒಂದು ಸಾಲು ಇರುತ್ತದೆ: "ಷೆಡ್ಯೂಲು ಸ್ವತ್ತಿನಲ್ಲಿ ಇನ್ನು ಮುಂದೆ ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವುದೇ ಹಕ್ಕು ಇರುವುದಿಲ್ಲ." ಅದು ಹಕ್ಕು ಬಿಡುಗಡೆ ಪತ್ರ. ಖಾತೆ ಬದಲಾವಣೆಗೆ ಬೇಕಾದ ಒಪ್ಪಿಗೆ ಅಂತ ಆಕೆ ಅಂದುಕೊಂಡಿರುತ್ತಾಳೆ. ನಿಜವಾಗಿ ತನ್ನ ಪಾಲನ್ನೇ ಬಿಟ್ಟುಕೊಟ್ಟಿರುತ್ತಾಳೆ.

ಹಿಂದೂ ಕುಟುಂಬಗಳಿಗೆ ಅನ್ವಯಿಸುವ ಕಾನೂನು ಈಗ ಸ್ಪಷ್ಟವಾಗಿದೆ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮದುವೆ ಆಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಯೂ ಇಲ್ಲ. "ಮದುವೇಲಿ ಅಷ್ಟು ಖರ್ಚು ಮಾಡಿಲ್ವಾ, ಅದೇ ನಿನ್ನ ಪಾಲು" ಅನ್ನುವ ವಾದ ಕಾನೂನಿನಲ್ಲಿ ನಿಲ್ಲುವುದಿಲ್ಲ. ಒಂದು ವಿನಾಯಿತಿ ಇದೆ. 2004ರ ಡಿಸೆಂಬರ್ 20ಕ್ಕಿಂತ ಮುಂಚೆಯೇ ನೋಂದಾಯಿತ ವಿಭಾಗ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಭಾಗ ಆಗಿದ್ದರೆ ಅದನ್ನು ಮತ್ತೆ ಕೆದಕುವ ಹಾಗಿಲ್ಲ. ಅಪ್ಪ ಸ್ವಂತ ದುಡಿಮೆಯಿಂದ ಕೊಂಡ ಆಸ್ತಿಯ ಲೆಕ್ಕ ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ವಿಲ್ ಬರೆಯಬಹುದು. ವಿಲ್ ಇಲ್ಲದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು.

ಪಾಲು ಬೇಡ ಅನ್ನುವುದು ಕೂಡ ಆ ಹೆಣ್ಣುಮಗಳ ಹಕ್ಕೇ. ತವರಿನ ಬಾಗಿಲು ಮುಚ್ಚಬಾರದು ಅನ್ನುವ ಆಸೆ ಸಣ್ಣದಲ್ಲ, ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಏನು ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಡಬೇಕು. ನರಸಾಪುರ, ವೇಮಗಲ್, ಮಾಲೂರು ಕಡೆ ಕೈಗಾರಿಕಾ ಪ್ರದೇಶ ಬಂದ ಮೇಲೆ, ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋದ ಮೇಲೆ, ಒಂದು ಎಕರೆಯ ಬೆಲೆ ಏನು ಅಂತ ಅಣ್ಣತಮ್ಮಂದಿರಿಗೆ ಗೊತ್ತಿರುತ್ತದೆ. ಅಕ್ಕತಂಗಿಯರಿಗೂ ಗೊತ್ತಿರಬೇಕು ಅಲ್ವಾ? ಅದಕ್ಕೇ ಪತ್ರದ ಕರಡು ಹಿಂದಿನ ದಿನವೇ ಕೇಳಿ ಪಡೆಯಿರಿ. ಕೊನೆಯ ಪುಟದ ಷೆಡ್ಯೂಲ್ ಓದಿ. ಬಾಯಲ್ಲಿ ಹೇಳಿದ ಸರ್ವೆ ನಂಬರ್ ಜೊತೆ ಬೇರೆ ನಂಬರ್‌ಗಳೂ ಸೇರಿವೆಯಾ ನೋಡಿ. ನೋಂದಾಯಿತ ಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸಬೇಕಾದರೆ ಮೋಸವನ್ನೋ ಬಲವಂತವನ್ನೋ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದಕ್ಕೂ ಮೋಸ ಗೊತ್ತಾದ ದಿನದಿಂದ ಮೂರೇ ವರ್ಷ. ಇನ್ನೊಂದು ಕಡೆ, ಸಹಿ ಹಾಕದೇ ಇದ್ದರೆ, ನಿಮ್ಮನ್ನು ಬಿಟ್ಟು ಅಣ್ಣತಮ್ಮಂದಿರು ಮಾಡಿಕೊಂಡ ವಿಭಾಗ ಪತ್ರ ನಿಮ್ಮ ಪಾಲನ್ನು ಕಟ್ಟಿಹಾಕುವುದಿಲ್ಲ.

ಪಹಣಿಯಲ್ಲಿ ಹೆಸರಿದ್ದರೆ ಜಮೀನು ನಮ್ಮದೇನಾ?

ಇಲ್ಲ. ಈ ಒಂದು ತಪ್ಪು ತಿಳುವಳಿಕೆಯಿಂದ ಎಷ್ಟು ದುಡ್ಡು ಮುಳುಗಿದೆಯೋ ಹೇಳತೀರದು. ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಎಲ್ಲ ಕಂದಾಯದ ದಾಖಲೆಗಳು. ಯಾರು ಅನುಭವದಲ್ಲಿದ್ದಾರೆ, ಯಾರಿಂದ ಕಂದಾಯ ವಸೂಲಿ ಮಾಡಬೇಕು ಅನ್ನುವ ಲೆಕ್ಕ ಅದು. ಮಾಲೀಕತ್ವ ಬರುವುದು ಕ್ರಯಪತ್ರ, ವಿಭಾಗ ಪತ್ರ, ದಾನಪತ್ರ, ವಿಲ್, ಮಂಜೂರಾತಿ ಆದೇಶ, ವಾರಸುದಾರಿಕೆ ಇಂಥವುಗಳಿಂದ. ಪಹಣಿಯಲ್ಲಿ ಹೆಸರು ತಪ್ಪಿಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದೂ ಇಲ್ಲ.

ಹಾಗಂತ ಪಹಣಿಯನ್ನು ಅಲಕ್ಷ್ಯ ಮಾಡಬೇಡಿ. ಭೂಸ್ವಾಧೀನದ ಪರಿಹಾರ, ಬೆಳೆ ಸಾಲ, ಬೆಳೆ ವಿಮೆ ಎಲ್ಲದಕ್ಕೂ ಮೊದಲು ನೋಡುವುದು ಅದನ್ನೇ. ಅಜ್ಜನ ಹೆಸರಿನಲ್ಲೇ ಉಳಿದ ಜಮೀನಿಗೆ ಪೌತಿ ಖಾತೆ ಮಾಡಿಸಿಕೊಳ್ಳಿ. ಇದಕ್ಕೆ ವಕೀಲರು ಬೇಕಿಲ್ಲ. ಮರಣ ಪ್ರಮಾಣ ಪತ್ರ, ವಂಶವೃಕ್ಷ ಇಟ್ಟುಕೊಂಡು ನಾಡಕಚೇರಿಗೆ ಹೋದರೆ ಸಾಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ, ಮುಂದಿನ ಜಗಳದ ಬೀಜ ಅಲ್ಲೇ ಬೀಳುತ್ತದೆ. ವಕೀಲರು ಬೇಕಾಗುವುದು ಯಾರಾದರೂ ತಕರಾರು ಹಾಕಿದಾಗ, ಅಥವಾ ನಿಮ್ಮ ಗಮನಕ್ಕೇ ಬಾರದೆ ಇನ್ನೊಬ್ಬರ ಹೆಸರು ಕೂತಾಗ. ಮ್ಯುಟೇಶನ್ ನೋಟಿಸಿಗೆ ತಕರಾರು ಸಲ್ಲಿಸಲು ಒಂದು ಗಡುವು ಇರುತ್ತದೆ. ಅದು ಮುಗಿದರೆ ಎಸಿ (ಉಪವಿಭಾಗಾಧಿಕಾರಿ) ಕೋರ್ಟಿಗೆ ಮೇಲ್ಮನವಿ ಹೋಗಬೇಕಾಗುತ್ತದೆ.

ಜಮೀನು, ಸೈಟು ಕೊಳ್ಳುವಾಗಂತೂ ಅಡ್ವಾನ್ಸ್ ಕೊಡುವ ಮುಂಚೆಯೇ ವಕೀಲರಿಗೆ ತೋರಿಸಿ. ಲಕ್ಷಾಂತರ ರೂಪಾಯಿ ಕೊಡುವವರು ಕೆಲವು ಸಾವಿರ ಫೀಸಿಗೆ ಯೋಚನೆ ಮಾಡುವುದು ನನಗೆ ಇಂದಿಗೂ ಅರ್ಥವಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ಮುಖ್ಯವಾಗಿ ನೋಡಬೇಕಾದ್ದು ಆ ಜಮೀನು ಮೊದಲು ಯಾರಿಗೆ, ಹೇಗೆ ಬಂತು ಅನ್ನುವುದು. ದರಖಾಸ್ತಿನಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದ್ದರೆ ಮೂಲ ಮಂಜೂರುದಾರರು ಅಥವಾ ಅವರ ವಾರಸುದಾರರು ಎಸಿಗೆ ಅರ್ಜಿ ಹಾಕಿ ಜಮೀನು ವಾಪಸ್ ಕೇಳಬಹುದು. ತಡವಾಗಿ ಅರ್ಜಿ ಹಾಕಿದ್ದಾರೆ ಅನ್ನುವ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದು ಅಂತ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದಿದೆ. ಜಮೀನು ಕಳೆದುಕೊಂಡ ಕುಟುಂಬಗಳಿಗೆ ಇದು ದೊಡ್ಡ ಆಸರೆ. ಗೊತ್ತಿಲ್ಲದೆ ಕೊಂಡವರಿಗೆ ಅಷ್ಟೇ ದೊಡ್ಡ ಹೊಡೆತ.

ಜಿಪಿಎ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರದ ಮೇಲೆ ಸೈಟು ಕೊಳ್ಳಬೇಡಿ. ಜಿಪಿಎ, ಅಗ್ರಿಮೆಂಟ್ ಇವುಗಳಿಂದ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಇಸಿ (ಋಣಭಾರ ಪ್ರಮಾಣ ಪತ್ರ) ತೆಗೆಸಿದೆ, ಕ್ಲಿಯರ್ ಇದೆ ಅಂತಲೂ ನಿರಾಳ ಆಗಬೇಡಿ. ಇಸಿಯಲ್ಲಿ ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ಆ ಜಮೀನಿನ ಮೇಲೆ ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾತ್ರ ಕೊಳ್ಳುತ್ತಿದ್ದರೆ, ಆ ಭಾಗವನ್ನು ಅಳತೆ ಮಾಡಿ ಗುರುತಿಸಿದ 11ಇ ನಕ್ಷೆ ಆಗಿದೆಯಾ ಕೇಳಿ.

ಮಂಡಿಯ ಚೆಕ್ಕು ಮತ್ತು ಕ್ಯಾಲೆಂಡರ್

ಗಡುವಿನ ವಿಷಯಕ್ಕೆ ಬರೋಣ. ಟೊಮೆಟೊ ಕೊಂಡವರು ದುಡ್ಡಿನ ಬದಲು ಚೆಕ್ ಕೊಟ್ಟರು ಅಂತಿಟ್ಟುಕೊಳ್ಳಿ. ಚೆಕ್ಕಿನ ಮೇಲಿನ ದಿನಾಂಕ ಜುಲೈ 10. ನೀವು ಬ್ಯಾಂಕಿಗೆ ಹಾಕಿದಿರಿ. ಜುಲೈ 20ಕ್ಕೆ "ಖಾತೆಯಲ್ಲಿ ಹಣ ಇಲ್ಲ" ಅನ್ನುವ ಮೆಮೋ ಜೊತೆ ವಾಪಸ್ ಬಂತು. ಫೋನ್ ಮಾಡಿದರೆ "ಅಣ್ಣಾ, ಮುಂದಿನ ತಿಂಗಳು ಗ್ಯಾರಂಟಿ" ಅನ್ನುತ್ತಾರೆ. ನೀವು ಮಂಡಿಯ ಸಂಬಂಧ ಕೆಡುತ್ತೆ ಅಂತ ಸುಮ್ಮನಾಗುತ್ತೀರಿ.

ಇಷ್ಟರಲ್ಲಿ ಕಾನೂನಿನ ದಿನಗಣನೆ ಶುರುವಾಗಿರುತ್ತದೆ. ಮೆಮೋ ಕೈಗೆ ಬಂದ 30 ದಿನದೊಳಗೆ, ಅಂದರೆ ಆಗಸ್ಟ್ 19ರೊಳಗೆ, ಲಿಖಿತ ನೋಟಿಸ್ ಹೋಗಬೇಕು. ನೀವು ಆಗಸ್ಟ್ 5ಕ್ಕೇ ಕಳಿಸಿದಿರಿ, 8ಕ್ಕೆ ಅವರಿಗೆ ತಲುಪಿತು ಅನ್ನೋಣ. ದುಡ್ಡು ಕೊಡಲು ಅವರಿಗೆ 15 ದಿನ, ಆಗಸ್ಟ್ 23ರವರೆಗೆ. ಕೊಡಲಿಲ್ಲವಾ? ಅಲ್ಲಿಂದ ಒಂದು ತಿಂಗಳು, ಸೆಪ್ಟೆಂಬರ್ 23ರೊಳಗೆ, ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ ದೂರು ದಾಖಲಾಗಬೇಕು. ಹೊರರಾಜ್ಯದ ವ್ಯಾಪಾರಿ ಕೊಟ್ಟ ಚೆಕ್ಕಾದರೂ ನಿಮ್ಮ ಖಾತೆ ಕೋಲಾರದಲ್ಲಿದ್ದರೆ ಕೇಸು ಕೋಲಾರದಲ್ಲೇ. ಇದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡು ಪಟ್ಟುವರೆಗೆ ದಂಡ, ಅಥವಾ ಎರಡೂ. ಈ ಭಯಕ್ಕೇ ಎಷ್ಟೋ ಜನ ನೋಟಿಸ್ ತಲುಪಿದ ಕೂಡಲೇ ದುಡ್ಡು ಕೊಟ್ಟುಬಿಡುತ್ತಾರೆ.

ನೋಟಿಸಿನ ಗಡುವು ತಪ್ಪಿದ್ದರೆ ಒಂದು ದಾರಿ ಇದೆ. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರು ತಿಂಗಳು ದಾಟಿಲ್ಲದಿದ್ದರೆ ಅದೇ ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಹಾಕಬಹುದು. ಮತ್ತೆ ವಾಪಸ್ ಬಂದರೆ ಹೊಸ ಮೆಮೋದಿಂದ ಹೊಸ 30 ದಿನ. ಅದೂ ಮುಗಿದಿದ್ದರೆ ಹಣ ವಸೂಲಿಗೆ ಸಿವಿಲ್ ದಾವೆ ಉಳಿಯುತ್ತದೆ, ಅದಕ್ಕೆ ಮೂರು ವರ್ಷ. ಆ ದಾರಿಯಲ್ಲಿ ಜೈಲಿನ ಭಯ ಇರುವುದಿಲ್ಲ, ಕೋರ್ಟ್ ಫೀ ಕಟ್ಟಬೇಕು.

ಕೈಸಾಲದ ಪ್ರೋನೋಟಿಗೂ ಮೂರೇ ವರ್ಷ, ಬರೆದ ದಿನದಿಂದ. "ನೋಟು ನನ್ನ ಹತ್ರಾನೇ ಇದೆ, ಎಲ್ಲಿ ಹೋಗ್ತಾನೆ" ಅಂತ ಟ್ರಂಕಿನಲ್ಲಿಟ್ಟು ನಾಲ್ಕನೇ ವರ್ಷ ತೆಗೆದರೆ ಅದು ಬರೀ ಕಾಗದ. ಮೂರು ವರ್ಷ ಮುಗಿಯುವ ಮುಂಚೆ ಸಾಲ ಬಾಕಿ ಇದೆ ಅಂತ ಬರೆಸಿ ಸಹಿ ಮಾಡಿಸಿಕೊಂಡರೆ ಅಲ್ಲಿಂದ ಮತ್ತೆ ಮೂರು ವರ್ಷ ಸಿಗುತ್ತದೆ.

ಸಾಲ ತೆಗೆದುಕೊಳ್ಳುವವರಿಗೂ ಒಂದು ಮಾತು. ಖಾಲಿ ಚೆಕ್, ಖಾಲಿ ಛಾಪಾ ಕಾಗದ ಕೊಡಬೇಡಿ. ಸಹಿ ಹಾಕಿದ ಖಾಲಿ ಚೆಕ್ಕಿನ ಮೇಲೆ ಬೇರೆಯವರು ಮೊತ್ತ ತುಂಬಿದರೂ, ಅದು ಸಾಲಕ್ಕೆ ಕೊಟ್ಟಿದ್ದಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಜಾಮೀನು ಹಾಕುವುದೂ ಹಾಗೇ. ಸಾಲ ತೆಗೆದವರು ಕಟ್ಟದಿದ್ದರೆ ಮೊದಲು ಅವರನ್ನು ಕೇಳಿ ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವ ಹಾಗಿಲ್ಲ. ಬ್ಯಾಂಕು ನೇರವಾಗಿ ಜಾಮೀನುದಾರರನ್ನೇ ಹಿಡಿಯಬಹುದು.

ಸಂಘದ ಸಾಲ, ಮೈಕ್ರೋಫೈನಾನ್ಸ್ ಸಾಲ ತೆಗೆದ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ. ಸಾಲ ತೀರಿಸಬೇಕು, ಸರಿ. ಆದರೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕಾಡುವಂತಿಲ್ಲ ಅಂತ ಆರ್‌ಬಿಐ ನಿಯಮವೇ ಇದೆ. ಬೆದರಿಕೆ, ಅವಮಾನ, ಮನೆ ಮುಂದೆ ಧರಣಿ ಕೂರುವುದು ಇಂಥದ್ದನ್ನು ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾನೂನು ತಂದಿದೆ. ಹತ್ತು ವರ್ಷದವರೆಗೂ ಶಿಕ್ಷೆ ಇದೆ. ಪೊಲೀಸ್ ಠಾಣೆಗೆ ಧೈರ್ಯವಾಗಿ ಹೋಗಿ.

ಬೀಜ ಮೊಳೆಯದಿದ್ದಾಗ, ಸಮನ್ಸ್ ಬಂದಾಗ

ಬೀಜ, ನಾರು (ಸಸಿ), ಔಷಧಿ ಕೈಕೊಟ್ಟರೆ ಅದು ಹಣೆಬರಹ ಅಲ್ಲ. ರೈತರೂ ಗ್ರಾಹಕರೇ ಅಂತ ಸುಪ್ರೀಂ ಕೋರ್ಟ್ 2012ರಲ್ಲಿ ಬೀಜದ ಪ್ರಕರಣದಲ್ಲೇ ಹೇಳಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಂಡ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಆದರೆ ಹೊಲದಲ್ಲಿ ಬೆಳೆ ಇರುವಾಗಲೇ ಕೆಲಸ ಆಗಬೇಕು. ತೋಟಗಾರಿಕೆ ಅಥವಾ ಕೃಷಿ ಇಲಾಖೆಗೆ ಲಿಖಿತ ಅರ್ಜಿ ಕೊಟ್ಟು, ಸ್ಥಳಕ್ಕೆ ಬಂದು ನೋಡಿ ವರದಿ ಬರೆಯುವಂತೆ ಕೇಳಿ. ಬಿಲ್ಲು, ಲಾಟ್ ನಂಬರ್ ಇರುವ ಪೊಟ್ಟಣ, ದಿನಾಂಕ ಇರುವ ಫೋಟೋ ಇಟ್ಟುಕೊಳ್ಳಿ. ಬೇಸರಕ್ಕೆ ಗಿಡ ಕಿತ್ತು ಉತ್ತುಬಿಟ್ಟರೆ ಸಾಕ್ಷಿಯೂ ಮಣ್ಣಿಗೆ ಹೋಗುತ್ತದೆ. ಬಿಲ್ ಇಲ್ಲದೆ ಬೀಜ ಕೊಳ್ಳುವ ಅಭ್ಯಾಸ ಮೊದಲು ನಿಲ್ಲಬೇಕು.

ಕೋರ್ಟಿನಿಂದ ಸಮನ್ಸ್ ಬಂದರೆ ಅಮೀನರನ್ನು ನೋಡಿ ಹಿತ್ತಲ ಬಾಗಿಲಿನಿಂದ ಹೋಗುವವರಿದ್ದಾರೆ. "ತಗೊಂಡ್ರೆ ತಾನೆ ಕೇಸು" ಅನ್ನುವ ಲೆಕ್ಕ. ಇದು ಪೂರ್ತಿ ತಪ್ಪು. ಬೇಡ ಅಂತ ವಾಪಸ್ ಕಳಿಸಿದರೆ ತಲುಪಿದೆ ಅಂತಲೇ ಕೋರ್ಟ್ ಪರಿಗಣಿಸುತ್ತದೆ. ನೀವು ಹಾಜರಾಗದಿದ್ದರೆ ಎಕ್ಸ್‌ಪಾರ್ಟಿ ಡಿಕ್ರಿ ಆಗುತ್ತದೆ. ನಿಮ್ಮ ಮಾತು ಕೇಳದೆಯೇ ನಿಮ್ಮ ಜಮೀನಿನ ತೀರ್ಪು. ಸಮನ್ಸ್ ತೆಗೆದುಕೊಳ್ಳಿ, ಅದೇ ವಾರ ವಕೀಲರನ್ನು ಕಾಣಿ. ಸಿವಿಲ್ ದಾವೆಯಲ್ಲಿ ಲಿಖಿತ ಉತ್ತರ ಕೊಡಲು 30 ದಿನ, ಕೋರ್ಟ್ ಒಪ್ಪಿದರೆ 90 ದಿನದವರೆಗೆ. ಎಕ್ಸ್‌ಪಾರ್ಟಿ ಆಗಿಬಿಟ್ಟಿದ್ದರೆ ರದ್ದು ಕೋರಲು 30 ದಿನ.

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಅಪಘಾತಗಳ ಸುದ್ದಿ ಕೇಳುತ್ತಲೇ ಇರುತ್ತೇವೆ. ಪರಿಹಾರದ ಅರ್ಜಿಗೆ 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು ಕಾನೂನಿನಲ್ಲಿ ಸೇರಿದೆ. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಹಾಗಾಗಿ ತಡವಾಗಿದೆ ಅಂತ ಕೈಚೆಲ್ಲಬೇಡಿ. ತಡ ಮಾಡಲೂ ಬೇಡಿ. ಗುದ್ದಿದ ಗಾಡಿ ಯಾವುದು ಅಂತಲೇ ಗೊತ್ತಾಗದಿದ್ದರೂ ಸರ್ಕಾರದ ಯೋಜನೆಯಲ್ಲಿ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ಸಿಗುತ್ತದೆ. ಆನ್‌ಲೈನ್ ವಂಚನೆಯಾದರೆ ವಕೀಲರೂ ಬೇಡ, ಠಾಣೆಗೂ ಆಮೇಲೆ ಹೋಗಿ. ಆ ಕ್ಷಣವೇ 1930ಕ್ಕೆ ಫೋನ್ ಮಾಡಿ.

ಠಾಣೆ, ಮನೆ, ವಯಸ್ಸಾದವರು

ಗಂಭೀರ ಅಪರಾಧದ ದೂರು ಕೊಟ್ಟರೆ ಎಫ್‌ಐಆರ್ ದಾಖಲಿಸಲೇಬೇಕು, ಪ್ರತಿ ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ಆಗಿದ್ದರೂ ಹತ್ತಿರದ ಠಾಣೆ ದೂರು ತೆಗೆದುಕೊಳ್ಳಬೇಕು. ನಿರಾಕರಿಸಿದರೆ ಎಸ್‌ಪಿಗೆ ಅಂಚೆಯಲ್ಲಿ ಬರೆದು ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್ ಇದೆ. ಮನೆಯವರನ್ನು ಬಂಧಿಸಿದರೆ ಅವತ್ತೇ ವಕೀಲರನ್ನು ಕರೆಯಿರಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ಹೊಡೆತ ಬಡಿತ ತಿನ್ನುತ್ತಿರುವ ಹೆಣ್ಣುಮಗಳಿಗೆ "ಹೊಂದಿಕೊಂಡು ಹೋಗು" ಅನ್ನುವ ಹಿರಿಯರಿಗೆ ನನ್ನದೊಂದು ಬೇಡಿಕೆ, ದಯವಿಟ್ಟು ಆ ಮಾತು ಹೇಳಬೇಡಿ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112. ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಗಂಡನನ್ನು ಜೈಲಿಗೆ ಹಾಕಿಸದೆಯೂ ರಕ್ಷಣೆ, ಮನೆಯಲ್ಲಿ ವಾಸದ ಹಕ್ಕು, ಜೀವನಾಂಶ ಕೇಳಬಹುದು.

ಮಕ್ಕಳ ಹೆಸರಿಗೆ ಮನೆ ದಾನಪತ್ರ ಬರೆದು ಆಮೇಲೆ ಊಟಕ್ಕೂ ಕೈಚಾಚುವ ತಂದೆತಾಯಿ ಎಸಿ ಮುಂದೆ ಅರ್ಜಿ ಹಾಕಬಹುದು. ತಿಂಗಳಿಗೆ ಹತ್ತು ಸಾವಿರದವರೆಗೆ ಜೀವನಾಂಶ ಕೊಡಿಸುವ, ದಾನಪತ್ರ ರದ್ದು ಮಾಡುವ ಅಧಿಕಾರ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿದೆ. ಆದರೆ "ನಮ್ಮನ್ನು ಕೊನೆಯವರೆಗೂ ನೋಡಿಕೊಳ್ಳಬೇಕು" ಅನ್ನುವ ಷರತ್ತು ಪತ್ರದಲ್ಲೇ ಇದ್ದರೆ ರದ್ದು ಮಾಡಿಸುವುದು ಸುಲಭ. ಬರೆಯುವಾಗಲೇ ಆ ಸಾಲು ಸೇರಿಸಿ. ಮಕ್ಕಳು ಒಳ್ಳೆಯವರಾಗಿದ್ದರೆ ಆ ಸಾಲಿನಿಂದ ಅವರಿಗೇನೂ ನಷ್ಟ ಇಲ್ಲ.

ಫೀಸಿಗೆ ದುಡ್ಡಿಲ್ಲ ಅಂದರೆ

ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕು ಕೋರ್ಟುಗಳಲ್ಲಿ ಅದರ ಸಮಿತಿ ಇದೆ. ಉಚಿತವಾಗಿ ವಕೀಲರನ್ನು ಕೊಡುವುದು ಅವರ ಕೆಲಸ. ಬಡವರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ಇವರಿಗೆ ಆದಾಯದ ಮಿತಿಯೇ ಇಲ್ಲ. ಉಳಿದವರಿಗೆ ಸರ್ಕಾರ ಗೊತ್ತು ಮಾಡಿದ ಮಿತಿ ಇದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಕೇಸು ಹಾಕುವ ಮುಂಚೆಯೇ ಸಲಹೆ ಮಾತ್ರ ಬೇಕು ಅಂದರೂ ಕೊಡುತ್ತಾರೆ.

ಲೋಕ ಅದಾಲತ್ತಿನಲ್ಲಿ ರಾಜಿ ಆದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಅಲ್ಲಿಗೆ ವ್ಯಾಜ್ಯ ಮುಗಿಯುತ್ತದೆ. ಅಣ್ಣತಮ್ಮಂದಿರ ಜಗಳ, ಚೆಕ್ ಕೇಸು, ಅಪಘಾತ ಪರಿಹಾರಕ್ಕೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಆದರೆ ಅಲ್ಲಿನ ತೀರ್ಮಾನದ ಮೇಲೆ ಅಪೀಲು ಇಲ್ಲ. ರಾಜಿ ಪತ್ರವನ್ನು ಓದಿಸಿ ಕೇಳಿ, ಮೊತ್ತ, ಸರ್ವೆ ನಂಬರ್, ಚಕ್ಕುಬಂದಿ ಸರಿ ಇವೆಯಾ ನೋಡಿ, ಆಮೇಲೆ ಸಹಿ ಹಾಕಿ.

ವಕೀಲರ ಹತ್ತಿರ ಮೊದಲ ಸಲ ಹೋಗುವಾಗ ಜೆರಾಕ್ಸ್ ಕೊಡಿ, ಮೂಲ ಪತ್ರಗಳನ್ನು ತೋರಿಸಿ ವಾಪಸ್ ತನ್ನಿ. ಏನು ಯಾವತ್ತು ಆಯಿತು ಅಂತ ದಿನಾಂಕದ ಪ್ರಕಾರ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ನಿಮಗೆ ಅನುಕೂಲವಲ್ಲದ ಸಂಗತಿಯನ್ನೂ ಮುಚ್ಚಿಡಬೇಡಿ, ಎದುರು ಪಾರ್ಟಿಯವರು ಹೇಗಿದ್ದರೂ ಹೇಳುತ್ತಾರೆ. ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. "ಗೆಲ್ತೀವಾ ಸಾರ್?" ಅನ್ನುವುದಕ್ಕಿಂತ "ಇದಕ್ಕೆ ಕೊನೆ ದಿನ ಯಾವತ್ತು?" ಅನ್ನುವುದು ಮೊದಲ ಪ್ರಶ್ನೆ ಆಗಲಿ. ಕೇಸು ದಾಖಲಾದ ಮೇಲೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಬರೆಸಿಕೊಳ್ಳಿ. ಅದನ್ನು ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಹಿಂದಿನ ವಾಯಿದೆಯಲ್ಲಿ ಏನಾಯಿತು ಅಂತ ಮನೆಯಲ್ಲೇ ಕೂತು ನೋಡಬಹುದು.